ನಂಬಿದವರಿಗೆ ಮಾತ್ರ

ಆ ದಿನ ಬೆಳಿಗ್ಗೆ ಕಾಲರಣ್ಣ ಬಾಯಿ ಮುಚ್ಚಿಕೊಂಡು ಕಾಲರ್ ಹೊಲಿದಿದ್ದರೆ ಯಾವ ತಾಪತ್ರಯವೂ ಇರುತ್ತಿರಲಿಲ್ಲ.

ಟೈಲರ್ ಅಂಗಡಿಯ ಮಾಸ್ಟರಿಗೆ ಕಣ್ಣು ಮಂಜಾಗಿತ್ತು. ಬಟ್ಟೆ ಕತ್ತರಿಸುವ ಕೆಲಸವನ್ನು ಇನ್ನು ಮುಂದೆ ಯಾರಿಗೆ ವಹಿಸುವುದೆಂದು ಸಂಜೆ ಹೇಳುವವರಿದ್ದರು. ವರ್ಷಗಟ್ಟಲೆ ಬರೀ ಕಾಲರ್ ಹೊಲಿದು ಆ ಹೆಸರೇ ಅಂಟಿಸಿಕೊಂಡ ಕಾಲರಣ್ಣನಿಗೆ, ಮಾಸ್ಟರು ಯಾರಿಗೂ ಮುಟ್ಟಗೊಡದ ಆ ದೊಡ್ಡ ಕತ್ತರಿಯನ್ನು ಒಮ್ಮೆ ಹಿಡಿಯಬೇಕೆಂಬ ಹೇಳತೀರದ ಆಸೆ.

ಇಸ್ತ್ರಿ ಅಕ್ಕ ಎಂದಿನಂತೆ ಪೆಟ್ಟಿಗೆ ಬಿಸಿಗಿಟ್ಟು ದೇವರಿಗೆ ಕೈ ಮುಗಿದಳು. ಇವನು ಸುಮ್ಮನಿರದೆ ಬಾಯಿ ಹಾಕಿದ.

"ನಂಬಿದೋರಿಗೆ ದೇವರು ಇದಾನೆ ಅಕ್ಕ, ನಂಬದೋರಿಗೆ ಇಲ್ಲ. ಎಲ್ಲಾ ಅವರವರ ತಲೇಲಿರೋದು."

ಅಕ್ಕ ಕಣ್ಣು ಕಿರಿದು ಮಾಡಿದಳು. "ಅಂದ್ರೆ ನಿನ್ನ ನೋಡೋರು ಯಾರೂ ಇಲ್ಲ ಅಂತ?"

ಮೂಲೆಯಲ್ಲಿ ಗುಂಡಿ ಹಚ್ಚುತ್ತಿದ್ದ ಗುಂಡಿ ಮಾವನೂ ಸೂಜಿ ನಿಲ್ಲಿಸಿ ಇವನನ್ನೇ ನೋಡಿದ. ಕತ್ತರಿಸುವ ಕೆಲಸದ ಮೇಲೆ ಅವನಿಗೂ ಕಣ್ಣಿತ್ತು.

ಊಟ ಮುಗಿಸಿ ಬರುವಷ್ಟರಲ್ಲಿ ಮಾಸ್ಟರ ಕತ್ತರಿ ಮಾಯ.

"ಯಾರೂ ಬಾಗಿಲು ದಾಟಬೇಡಿ," ಅಂದರು ಮಾಸ್ಟರು. ಎಲ್ಲರೂ ಒಬ್ಬರನ್ನೊಬ್ಬರು ನೋಡಿಕೊಂಡರು. ಆಮೇಲೆ ಎಲ್ಲರೂ ಸೇರಿ ಕಾಲರಣ್ಣನನ್ನು ನೋಡಿದರು.

"ಮೇಲೊಬ್ಬ ನೋಡ್ತಿದಾನೆ ಅನ್ನೋ ಭಯ ಇರೋರು ಹೀಗೆ ಮಾಡಲ್ಲ ಮಾಸ್ಟ್ರೇ," ಅಂದಳು ಅಕ್ಕ.

"ಅಯ್ಯೋ, ನಾನು ತಗೊಂಡಿಲ್ಲ! ಅದು ಸತ್ಯ!"

"ನಾವು ನಂಬಲ್ಲವಲ್ಲ," ಅಂದ ಗುಂಡಿ ಮಾವ. "ನಂಬದೋರ ಪಾಲಿಗೆ ಅದು ಇಲ್ಲ ತಾನೇ? ಬೆಳಿಗ್ಗೆ ನೀನೇ ಅಂದಿದ್ದು."

"ದೇವರ ಮಾತು ಬೇರೆ, ಕತ್ತರಿ ಮಾತು ಬೇರೆ ಮಾವ!"

"ಹೆಂಗೆ ಬೇರೆ? ಸ್ವಲ್ಪ ಬಿಡಿಸಿ ಹೇಳು."

ಬಿಡಿಸಿ ಹೇಳಲು ಕಾಲರಣ್ಣನಿಗೆ ಬರಲಿಲ್ಲ. ಬೆವರು ಮಾತ್ರ ಧಾರಾಳವಾಗಿ ಬಂತು. "ಆಯ್ತು, ದೇವರು ಇದಾನೆ!" ಎಂದು ಕೂಗಿಬಿಟ್ಟ.

"ನೋಡಿದ್ರಾ, ದೇವರು ಎಷ್ಟು ಬೇಗ ಬಂದುಬಿಟ್ಟ!" ಅಕ್ಕನ ಅನುಮಾನ ಈಗ ಗಟ್ಟಿಯಾಯಿತು. "ಸಿಕ್ಕಿಬಿದ್ದೋರಿಗೇ ಇಂಥ ಭಕ್ತಿ ಉಕ್ಕೋದು."

ಕಾಲರಣ್ಣನಿಗೆ ಅಳು ಬಂತು. ಅಳುವಿನ ಹಿಂದೆಯೇ ಸಿಟ್ಟೂ ಬಂತು.

"ನೀವು ನಂಬಿ, ಬಿಡಿ. ನಾನು ನಂಬಲಿ, ಬಿಡಲಿ. ಇರೋದು ಇದ್ದೇ ಇರುತ್ತೆ! ಅದೇನು ನಮ್ಮ ಅಪ್ಪಣೆಗೆ ಕಾಯ್ಕೊಂಡು ಕೂತಿರುತ್ತಾ? ದೇವರೂ ಅಷ್ಟೇ, ಸತ್ಯಾನೂ ಅಷ್ಟೇ!"

ಅಕ್ಕ ಸೆರಗಿನಿಂದ ಕಣ್ಣೊರೆಸಿಕೊಂಡಳು. ಮಾಸ್ಟರು ಬಂದು ಹೆಗಲ ಮೇಲೆ ಕೈಯಿಟ್ಟರು.

"ಕದ್ದೋನಿಗೆ ಇಷ್ಟು ಗಟ್ಟಿ ಗಂಟಲು ಇರಲ್ಲ. ಕತ್ತರಿ ಸಿಗಲಿ, ನಾಳೆಯಿಂದ ನನ್ನ ಕತ್ತರಿಸೋ ಮೇಜು ನಿಂದೇ."

ಅಲ್ಲಿಗೆ ಸುಮ್ಮನಾಗಿದ್ದರೆ ಆಗುತ್ತಿತ್ತು. ಆದರೆ ಕಾಲರಣ್ಣ ಉಬ್ಬಿಹೋಗಿದ್ದ.

"ಬೇಡ ಮಾಸ್ಟ್ರೇ, ಯಾರಿಗೂ ಅನುಮಾನ ಉಳೀಬಾರ್ದು. ಎಲ್ಲರ ಚೀಲಾನೂ ನೋಡಿ. ಮೊದಲು ನಂದೇ!" ಎಂದವನು ಮೊಳೆಗೆ ನೇತುಹಾಕಿದ್ದ ತನ್ನ ಚೀಲವನ್ನು ತಂದು ಮೇಜಿನ ಮೇಲೆ ಬೋರಲು ಮಾಡಿದ.

ಮೊದಲು ಬಿದ್ದದ್ದು ಚಿಂದಿ. ದಿಂಬಿಗೆ ತುಂಬಲು ಹೆಂಡತಿ ಕೇಳಿದ್ದಳೆಂದು ಊಟಕ್ಕೆ ಏಳುವ ಮುಂಚೆ ಮಾಸ್ಟರ ಮೇಜಿನ ಮೇಲಿದ್ದದ್ದನ್ನೆಲ್ಲ ನೋಡದೆ ಬಾಚಿ ತುಂಬಿಕೊಂಡಿದ್ದ. ಚಿಂದಿಯ ಹಿಂದೆಯೇ, ಅದರ ಅಡಿಯಲ್ಲಿ ಮುಚ್ಚಿಹೋಗಿದ್ದ ಕತ್ತರಿ ಠಣ್ಣೆಂದು ಬಿತ್ತು.

"ಮಾಸ್ಟ್ರೇ... ನನಗೇ ನಂಬೋಕಾಗ್ತಿಲ್ಲ," ಅಂದ ಕಾಲರಣ್ಣ.

ಮಾಸ್ಟರು ಕತ್ತರಿಯನ್ನು ಎತ್ತಿ ಒರೆಸಿದರು.

"ನೀನು ನಂಬದಿದ್ರೂ ಇದೆಯಲ್ಲಪ್ಪಾ," ಎಂದು ಅದನ್ನು ಗುಂಡಿ ಮಾವನ ಕೈಗೆ ಕೊಟ್ಟರು.