ಗೋಗಿ ನೀರಗಂಟಿಯ ಎಸ್‌ಜಿಪಿಟಿ

ರಕ್ತ ತೆಗೆಯುವವನ ಮುಂದೆ ಜನ ತೋಳು ಚಾಚಿ ಕೂತರೆ ಸಾಕು, ಏನಾದರೊಂದು ನಗೆ ಹುಟ್ಟಿಯೇ ಹುಟ್ಟುತ್ತದೆ. ಶಹಾಪುರದಲ್ಲಿ ನನ್ನ ಲ್ಯಾಬು ಕಾಲುವೆಯ ದಂಡೆಗಿತ್ತು. ಮಧ್ಯಾಹ್ನವಾದರೆ ನೀರಿನ ಬೆಳಕು ಒಳಗಿನ ಸೂರಿನ ಮೇಲೆ ತೇಲಾಡುತ್ತಿತ್ತು, ಭತ್ತದ ಗದ್ದೆಯ ತಂಪು ಗಾಳಿ ಬರುತ್ತಿತ್ತು. ಯಂತ್ರದಲ್ಲಿ ರಕ್ತದ ನಳಿಕೆಗಳು ತಿರುಗುವ ಗುಂಯ್ ಸದ್ದಿಗೆ ನಾನು ಅರ್ಧ ಕನಸಿನಲ್ಲೇ ಇರುತ್ತಿದ್ದೆ.

೧

ಗೋಗಿ ಕಡೆ ಹೊಲಗಳಿಗೆ ಕಾಲುವೆ ನೀರು ಬಿಡುವ ನೀರಗಂಟಿ ಹೆಂಡತಿಯ ಜೊತೆ ಬಂದ. ಕಣ್ಣು ಅರಿಷಿಣದ ಬಣ್ಣ.

"ಈ ಎಸ್‌ಜಿಪಿಟಿ ಅಂದ್ರ ಏನ್ರಿ?" ಅಂತ ಕೇಳಿದ.

"ತಿಂದ ಬ್ಯಾಳಿಯ ಸತ್ವ ಒಡಿಯೋ ಕೆಲಸದಾಗ ಕೈಜೋಡಿಸೋ ಕಿಣ್ವರಿ. ಲಿವರಿನೊಳಗ ಇರಬೇಕು. ಲಿವರಿಗೆ ಪೆಟ್ಟಾದ್ರ ರಕ್ತಕ್ಕ ಸೋರ್ತದ. ಕಾಲುವಿ ಒಡದು ನೀರು ಹೊಲಕ್ಕ ನುಗ್ಗತದಲ್ಲ, ಹಂಗ."

ಅವನು ತಟಕ್ಕನೆ ಎದ್ದು ನಿಂತ. "ನನ್ನ ಮ್ಯಾಲ ಯಾರು ಚಾಡಿ ಹೇಳ್ಯಾರ್ರಿ? ಆ ಕಾಲುವಿ ನಾ ಒಡದಿಲ್ಲ!"

೨

ಅಂಕಿ ನಲವತ್ತರೊಳಗೆ ಇರಬೇಕು, ಅವನದು ಅದರ ಎಂಟು ಪಟ್ಟು ಏರಿತ್ತು. ಕುಡಿತ ಬಿಡು ಎಂದರು ಡಾಕ್ಟರು. ಹೆಂಡತಿಗೆ ಇನ್ನೊಂದು ಚಿಂತೆ. ಮಗಳನ್ನು ನೋಡಲು ಬಂದಿದ್ದ ವಡಗೇರಾದವರು, ಕುಡಿಯುವವರ ಮನೆಯ ಹೆಣ್ಣು ಬೇಡ ಎಂದುಬಿಟ್ಟಿದ್ದರು.

ತಿಂಗಳಾದ ಮೇಲೆ ಮತ್ತೆ ಬಂದರು. "ಒಂದ ಹನಿ ಮುಟ್ಟಿಲ್ರಿ," ಅಂದ ನೀರಗಂಟಿ.

ಅಂಕಿ ಇಳಿದಿರಲಿಲ್ಲ. ಹೆಂಡತಿ ಅವನ ಮುಖ ನೋಡಿದಳು. ಅವನು ಕಿಟಕಿಯಾಚೆ ಬೋನಾಳ ಕೆರೆಯ ಕಡೆ ಹಾರುತ್ತಿದ್ದ ಬೆಳ್ಳಕ್ಕಿಗಳತ್ತ ಮುಖ ತಿರುಗಿಸಿದ. ಆಮೇಲೆ ಮೆಲ್ಲಗೆ ನನಗೆ ಅಂದ: "ರಕ್ತದಾಗ ಗೊತ್ತಾಗ್ತದ ಅಂತ ಮೊದಲ ಹೇಳಬಾರದೇನ್ರಿ? ನಾ ಬರೇ ಬಾಯಿಗೆ ಏಲಕ್ಕಿ ಹಾಕ್ಕೊಂಡು ಬಂದೀನಿ."

೩

ಆಮೇಲೆ ನಿಜವಾಗಿಯೂ ಬಿಟ್ಟ. ದಿನಾ ಸಂಜೆ ಹೆಂಡತಿ ದಂಡೆಯುದ್ದಕ್ಕೂ ಅವನ ಜೊತೆಗೇ ನಡೆದಳಂತೆ. ಕೆಲವು ತಿಂಗಳಿಗೆ ಅಂಕಿ ಇಪ್ಪತ್ತೆಂಟಕ್ಕೆ ಇಳಿಯಿತು. ಆ ಕಾಗದವನ್ನು ಎರಡೂ ಕೈಯಲ್ಲಿ ಹಿಡಿದು ಆಕೆ ಕಣ್ಣೊರೆಸಿಕೊಂಡಳು. ಅದನ್ನೇ ಒಯ್ದು ವಡಗೇರಾದವರಿಗೆ ತೋರಿಸಿದಳು.

ನಾಲ್ಕು ದಿನಕ್ಕೆ ವರನ ತಂದೆ ಮಗನನ್ನು ಕರೆದುಕೊಂಡು ನನ್ನಲ್ಲಿಗೇ ಬಂದ.

"ಬೀಗರದು ಇಪ್ಪತ್ತೆಂಟು ಬಂದದಂತ. ನಮ್ಮ ಹುಡುಗಂದೂ ತಗೀರಿ. ಎರಡೂ ಕೂಡ್ತಾವೇನು ನೋಡೂಣು," ಅಂದ, ಜಾತಕ ತಂದವನ ಹಾಗೆ.

ನೂರಾ ಹತ್ತು ಬಂತು. ಹುಡುಗ ನೆಲ ನೋಡತೊಡಗಿದ. ಹೇಗೆ ಹೇಳುವುದು ಅಂತ ನಾನು ತಡವರಿಸುವಷ್ಟರಲ್ಲಿ ತಂದೆ ಕಾಗದ ಇಸಿದುಕೊಂಡು ಓದಿದ, ಮೀಸೆ ತಿರುವಿದ.

"ಬರೋಬ್ಬರಿ ಅದ ಬಿಡ್ರಿ! ಗಂಡಿನ ಕಡೀದು ಯಾವತ್ತೂ ಒಂದು ಕೈ ಮ್ಯಾಲೇ ಇರಬೇಕು!"