ಭದ್ರಾವತಿಯಿಂದ ಬಂದ ಅನಾಮಿಕರು

ಶಿವಮೊಗ್ಗದ ಒಂದು ಕಾಲೇಜಿನಲ್ಲಿ ಕಂಪ್ಯೂಟರ್ ನೆಟ್‌ವರ್ಕ್ ಪಾಠ ಮಾಡುವ ನನಗೆ ಬೇರೆಯವರ ಗುಟ್ಟು ಕಾಯುವ ಕೆಲಸವೂ ಆಗಾಗ ಗಂಟುಬೀಳುತ್ತದೆ. ಕಂಪ್ಯೂಟರ್ ಪಾಪ, ಬಾಯಿ ಬಿಡುವುದಿಲ್ಲ. ಮನುಷ್ಯರದ್ದೇ ತಾಪತ್ರಯ.

ಹೆಸರು ಬೇಡ

ಹೊಸದಾಗಿ ಬಂದ ಪ್ರಿನ್ಸಿಪಾಲರು ಸಿಬ್ಬಂದಿ ಹೆಸರು ಹೇಳದೆ ದೂರು ಕೊಡಲು ಒಂದು ವೆಬ್ ಪುಟ ಮಾಡಿಸಿದರು. ಯಾರು, ಯಾವ ಫೋನಿನಿಂದ ಬರೆದರು ಎಂಬುದು ಎಲ್ಲೂ ದಾಖಲಾಗದಂತೆ ನಾನೇ ಕಷ್ಟಪಟ್ಟು ಸಿದ್ಧಮಾಡಿದೆ. ಮೊದಲ ದೂರು ಬಂತು. ಕೊನೆಯಲ್ಲಿ, 'ಇಂತಿ ಹೆಸರು ಹೇಳಲಿಚ್ಛಿಸದ, ಗ್ರಂಥಪಾಲಕರು' ಎಂದಿತ್ತು.

ನಮ್ಮಲ್ಲಿರುವುದು ಒಬ್ಬರೇ ಗ್ರಂಥಪಾಲಕರು. ಹೋಗಿ ಕೇಳಿದೆ.

"ಕೆಳಗೆ ಏನೂ ಬರೀದೆ ಬಿಟ್ರೆ ಮರ್ಯಾದೆ ಇರುತ್ತಾ ಮಾರಾಯ್ರೆ? ಹೆಸರಂತೂ ಹಾಕಿಲ್ವಲ್ಲ" ಎಂದರು.

ಗಾಂಧಿ ಬಜಾರಿನಲ್ಲಿ ಗುಟ್ಟು

ಅಂದೇ ಸ್ಟಾಫ್ ರೂಮಿನಲ್ಲಿ ಪಾಠ ಮಾಡಿದೆ. "ಅನಾಮಿಕತೆಗೂ ಅಳತೆ ಇದೆ. ಇದನ್ನು ಬರೆದವರು ಎಷ್ಟು ಜನರಲ್ಲಿ ಯಾರಾದರೂ ಆಗಿರಬಹುದು ಅನ್ನೋದೇ ಅಳತೆ. ಗುಂಪು ದೊಡ್ಡದಾದಷ್ಟೂ ಕ್ಷೇಮ."

ದೈಹಿಕ ಶಿಕ್ಷಣದ ಮೇಷ್ಟ್ರು ಇದನ್ನು ಮನಸ್ಸಿಗೆ ತಗೊಂಡು, ದೊಡ್ಡ ಗುಂಪು ಹುಡುಕಿಕೊಂಡು ಗಾಂಧಿ ಬಜಾರಿಗೇ ಹೋದರು. ಅಲ್ಲೊಂದು ಜೆರಾಕ್ಸ್ ಅಂಗಡಿ. ಅವರಿಗೆ ಕನ್ನಡ ಟೈಪಿಂಗ್ ಬಾರದು. ಹಾಗಾಗಿ ಮೈದಾನದ ಗಂಟಲಿನಲ್ಲೇ ದೂರು ಹೇಳುತ್ತಾ ಹೋದರು, ಅಂಗಡಿಯವನು ಟೈಪ್ ಮಾಡುತ್ತಾ ಹೋದ. ಸರದಿಯಲ್ಲಿ ನಿಂತವರೂ ಸುಮ್ಮನಿರಲಿಲ್ಲ. "ಅದನ್ನ ಇನ್ನೂ ಸ್ವಲ್ಪ ಖಡಕ್ಕಾಗಿ ಹಾಕ್ಸಿ ಸಾರ್" ಎಂದು ಸಲಹೆ ಕೊಟ್ಟರು.

ಪಕ್ಕದ ದಿನಸಿ ಅಂಗಡಿಯಲ್ಲಿ ಪ್ರಿನ್ಸಿಪಾಲರು ತೊಗರಿಬೇಳೆ ಕಟ್ಟಿಸುತ್ತಿದ್ದರು. ದೂರು ಅವರ ಕಂಪ್ಯೂಟರ್ ಮುಟ್ಟುವ ಮೊದಲೇ ಉತ್ತರ ಮೇಷ್ಟ್ರ ಹೆಗಲು ಮುಟ್ಟಿತ್ತು.

ಎಲ್ಲರೂ ಭದ್ರಾವತಿಯವರೇ

ಆಮೇಲೆ ನಮ್ಮ ಅತಿಥಿ ಉಪನ್ಯಾಸಕಿ ಮೊಬೈಲ್ ಹಿಡಿದುಕೊಂಡು ಬಂದರು. 'ಸೋಮವಾರ ಏಳೂವರೆಯ ಮೀಟಿಂಗ್‌ಗಾಗಿ ಭದ್ರಾವತಿಯಿಂದ ಮೊದಲ ಬಸ್ ಹಿಡಿಯಬೇಕಾಗಿದೆ. ದಯವಿಟ್ಟು ಸಮಯ ಬದಲಿಸಿ.'

"ಕಳಿಸ್ಲಾ ಸಾರ್? ಮುಂದಿನ ತಿಂಗಳು ನನ್ನ ರಿನ್ಯೂವಲ್ ಇದೆ. ಗೊತ್ತಾದ್ರೆ ಕೆಲ್ಸ ಹೋಗುತ್ತೆ."

ಭದ್ರಾವತಿಯಿಂದ ಬರುವವರು ಅವರೊಬ್ಬರೇ. ಪ್ರಿನ್ಸಿಪಾಲರು ಹೊಸಬರು, ಅವರಿಗದು ತಿಳಿದಿಲ್ಲ ನಿಜ. ಆದರೆ ಅಟೆಂಡರನ್ನು ಕೇಳಿದರೆ ಮುಗಿಯಿತು. ಊರ ಹೆಸರು ತೆಗೆಯಿರಿ ಎಂದೆ.

"ತೆಗೆದ್ರೆ ದೂರೇ ಉಳಿಯಲ್ವಲ್ಲ ಸಾರ್."

ಮಾತು ಸರಿಯಾಗಿತ್ತು. ಅವರ ಮುಖ ನೋಡಿ ನನಗೆ ಸಂಕಟವಾಯಿತು. ಹಾಗಾದರೆ ಗುಂಪನ್ನೇ ದೊಡ್ಡದು ಮಾಡೋಣ ಎಂದು, ನಾವೆಲ್ಲರೂ ಅದೇ ದೂರು ಕಳಿಸಿದೆವು. ಕ್ಯಾಂಪಸ್ಸಿನಲ್ಲೇ ಮನೆಯಿರುವ ವಾಚ್‌ಮನ್ ಕೂಡ ಭದ್ರಾವತಿಯ ಮೊದಲ ಬಸ್ಸಿಗೆ ಬೈದು ಬರೆದ.

ಮರುದಿನ ನೋಟಿಸ್ ಬಂತು. 'ನಮ್ಮ ಸಿಬ್ಬಂದಿಯೆಲ್ಲ ಭದ್ರಾವತಿಯಿಂದ ಬರುತ್ತಿರುವುದು ತಿಳಿದು ವ್ಯಥೆಯಾಯಿತು. ಇನ್ನು ಮುಂದೆ ಸೋಮವಾರದ ಸಭೆ ನಮ್ಮ ಭದ್ರಾವತಿ ಶಾಖೆಯಲ್ಲಿ. ಸಮಯ ಅದೇ ಏಳೂವರೆ.'

ಸೋಮವಾರ ನಾವೆಲ್ಲ ಬೈದುಕೊಳ್ಳುತ್ತಾ ಶಿವಮೊಗ್ಗ ಬಸ್‌ಸ್ಟ್ಯಾಂಡಿನಲ್ಲಿ ಬಸ್ ಹತ್ತಿ, ಭದ್ರಾವತಿಯಲ್ಲಿ ಶಾಖೆಯ ಎದುರಿನ ಸ್ಟಾಪಿನಲ್ಲಿ ತಡವಾಗಿ ಇಳಿದೆವು. ಪ್ರಿನ್ಸಿಪಾಲರು ಶಾಖೆಯ ಗೇಟಿನಲ್ಲೇ ನಿಂತಿದ್ದರು.

"ಎಲ್ರೂ ಶಿವಮೊಗ್ಗ ಬಸ್ಸಲ್ಲೇ ಬಂದ್ರಲ್ಲ. ಭದ್ರಾವತಿಯೋರು ಯಾರ್ರೀ?"

ಅವರು ನಮ್ಮನ್ನೆಲ್ಲ ಒಂದು ಸುತ್ತು ನೋಡಿ, ಸಾಕಾಗಿ, "ಮುಂದಿನ ವಾರದಿಂದ ಹತ್ತು ಗಂಟೆಗೆ, ಶಿವಮೊಗ್ಗದಲ್ಲೇ" ಎಂದರು.

ವಾಪಸ್ ಬರುವಾಗಲೇ ನನಗೆ ಹೊಳೆದದ್ದು, ಉಪನ್ಯಾಸಕಿಯೂ ನಮ್ಮ ಜೊತೆಗೇ ಬಸ್ಸಿನಿಂದ ಇಳಿದಿದ್ದರು ಎಂದು. "ನಿಮ್ಮ ಮನೆ ಆ ಶಾಖೆಯ ಹಿಂದಿನ ರಸ್ತೆಯಲ್ಲೇ ಅಲ್ವೇನ್ರೀ?"

"ಹೌದು ಸಾರ್. ನಾನೊಬ್ಳೇ ಟೈಮಿಗೆ ಸರಿಯಾಗಿ ಕೂತಿದ್ರೆ ಸಿಕ್ಕಿಬೀಳ್ತಿದ್ದೆ. ಅದಕ್ಕೇ ಬೆಳಿಗ್ಗೆ ಶಿವಮೊಗ್ಗಕ್ಕೆ ಹೋಗಿ, ನಿಮ್ ಜೊತೆ ವಾಪಸ್ ಬಂದೆ."

"ಶಿವಮೊಗ್ಗಕ್ಕೆ ಯಾವ ಬಸ್ಸಲ್ಲಿ ಹೋದ್ರಿ?"

"ಮೊದಲ ಬಸ್ಸಲ್ಲೇ ಸಾರ್."