ಹೊಗೆ ಮೇಲಿರಲಿ

ಹಿಂದಿನ ಸಂಜೆ ಚುಟ್ಟದ ಕಾರ್ಖಾನೆಯವರೆಲ್ಲ ಕೈಯೆತ್ತಿ ತನ್ನನ್ನು ಓದುಗನಾಗಿ ಆರಿಸಿದಾಗಿನಿಂದ ಎಲಾಡಿಯೊ ತಪ್ಪಿಸಿಕೊಳ್ಳುವ ನೆಪ ಹುಡುಕುತ್ತಿದ್ದ. ಸಾಂತಾ ಕ್ಲಾರಾ ಪಟ್ಟಣದಲ್ಲಿ ಚುಟ್ಟ ಸುತ್ತುವವರು ಕೈಯನ್ನು ಧಣಿಗೆ ಮಾರಿದ್ದರೂ ಕಿವಿಯನ್ನು ಮಾರಿದವರಲ್ಲ. ಬೆಳಿಗ್ಗೆ ಪತ್ರಿಕೆ, ಮಧ್ಯಾಹ್ನ ಕಾದಂಬರಿ. ಓದುಗ ಎತ್ತರದ ಪೀಠದಲ್ಲಿ ಕೂತು ಓದಬೇಕು, ಇವರು ಎಲೆ ಸುತ್ತುತ್ತ ಕೇಳಬೇಕು. (ಆಳುಗಳ ಜ್ಞಾನಕ್ಕೆ ಧಣಿ ಕಾಸು ಬಿಚ್ಚಿದ ಚರಿತ್ರೆ ಯಾವ ದ್ವೀಪದಲ್ಲೂ ಇಲ್ಲ. ಓದುಗನಿಗೆ ಇವರೇ ಚಂದಾ ಎತ್ತಬೇಕು.) ಓದು ಹಿಡಿಸಿದರೆ ಎಲೆ ಕತ್ತರಿಸುವ ಬಾಗುಕತ್ತಿಯಿಂದ ಹಲಗೆ ಕುಟ್ಟುತ್ತಾರೆ; ಹಿಡಿಸದಿದ್ದರೆ ಕತ್ತಿಯನ್ನು ನೆಲಕ್ಕೆ ಎಸೆಯುತ್ತಾರೆ.

ಇಷ್ಟು ವರ್ಷ ಓದುತ್ತಿದ್ದ ಕ್ಲೆಮೆಂತೆಯ ಗಂಟಲು ಕಟ್ಟಿತ್ತು. ಇಪ್ಪತ್ತು ವರ್ಷ ಅವನ ಉಚ್ಚಾರ ತಿದ್ದಿ, "ಆ ಪುಸ್ತಕ ನಾನು ಮೂರು ಸಲ ಮುಗ್ಸಿದೀನಿ" ಎಂದು ಮೆರೆದ ಎಲಾಡಿಯೊನಿಗಲ್ಲದೆ ಇನ್ಯಾರಿಗೆ ಪಟ್ಟ? ಈ ಮಹಾಪಂಡಿತನಿಗೆ ಒಂದಕ್ಷರವೂ ಬಾರದೆಂಬುದು ಅದೇ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದ ಹೆಂಡತಿ ತೊಮಾಸಾಳಿಗೆ ಮಾತ್ರ ಗೊತ್ತು.

"ನಂಗೆ ಹೊಟ್ಟೆನೋವು ಅಂತ ಹೇಳ್ಬಿಡೆ, ನಿನ್ ಕಾಲಿಗ್ ಬೀಳ್ತೀನಿ."

"ನನ್ ಕಾಲಿಗ್ ಬೀಳೋ ಬದ್ಲು ಅಕ್ಷರದ ಬೆನ್ನಿಗೆ ಬಿದ್ದಿದ್ರೆ ನಿಜವಾಗ್ಲೂ ಪಂಡಿತ ಆಗ್ತಿದ್ದೆ. ಏಳು!" ಅವಳು ಪತ್ರಿಕೆಯನ್ನು ಅವನ ಕಂಕುಳಿಗೆ ತುರುಕಿದಳು. "ಇಲ್ಲೊಂದು ಹಡಗಿನ ಚಿತ್ರ ಇದೆ. ಪತ್ರಿಕೆ ಹಿಡ್ದಾಗ ಹೊಗೆ ಮೇಲಿರಲಿ. ಕೆಳಗಾಯ್ತೋ, ಮಾನ ಹೋಯ್ತು."

ಎಲಾಡಿಯೊ ಪೀಠ ಹತ್ತಿ ಪತ್ರಿಕೆ ಬಿಡಿಸಿದ. ಕೆಳಗೆ ಎಂಬತ್ತು ಕತ್ತಿಗಳು ಮಿನುಗುತ್ತಿದ್ದವು. ಹೊಗೆಯೇನೋ ಮೇಲಿತ್ತು; ಉಳಿದದ್ದೆಲ್ಲ ಇರುವೆ ಸಾಲು.

"ಏನಣ್ಣಾ, ಪತ್ರಿಕೆ ಮೂಸಿ ನೋಡ್ತಿದೀಯಾ?" ಕೆಳಗಿನಿಂದ ಒಬ್ಬ ಕೂಗಿದ.

ಭಯಕ್ಕೆ ಬಾಯಿ ತಾನಾಗಿ ತೆರೆಯಿತು. "ರಾಜಧಾನಿ ಹವಾನಾದಿಂದ ಸುದ್ದಿ! ಇಂದಿನಿಂದ ಚುಟ್ಟ ಸುತ್ತುವವರೆಲ್ಲರಿಗೂ ಮಧ್ಯಾಹ್ನ ಒಂದು ಗಂಟೆ ವಿರಾಮ ಕೊಡತಕ್ಕದ್ದೆಂದು ಸರ್ಕಾರ ಆಜ್ಞಾಪಿಸಿದೆ!"

ಹಲಗೆ ಸೀಳುವಂತೆ ಕತ್ತಿಗಳು ಕುಟ್ಟಿದವು. ಸದ್ದಿಗೆ ಧಣಿ ದೋನ್ ಸಿಪ್ರಿಯಾನೊ ಓಡಿ ಬಂದರು.

"ಯಾವನು ಬರ್ದಿರೋದು ಅದನ್ನ? ತಾ ಇಲ್ಲಿ!"

ಎಲಾಡಿಯೊ ಠಾಣೆ, ಜೈಲು, ತನ್ನದೇ ಶವಯಾತ್ರೆ ಎಲ್ಲವನ್ನೂ ಕಣ್ಣಮುಂದೆ ಕಂಡ. ಅಷ್ಟರಲ್ಲಿ, ಎಲೆಯ ನಾರು ಬಿಡಿಸುವ ಹೆಂಗಸರ ನಡುವಿನಿಂದ ತೊಮಾಸಾ ಎದ್ದು ಬಂದಳು. ಪತ್ರಿಕೆ ಕಿತ್ತು, ತಿರುಗಿಸಿ, ಧಣಿಯ ಕೈಗಿಟ್ಟಳು.

"ನೀವೇ ಎಲ್ಲರಿಗೂ ಕೇಳೋ ಹಂಗೆ ಓದಿ, ಧಣಿ."

ಧಣಿ ಕನ್ನಡಕ ಏರಿಸಿದರು. ಎಲಾಡಿಯೊ ಪೀಠದಿಂದ ಬಗ್ಗಿ ನೋಡಿದ: ಹಡಗು ತಲೆಕೆಳಗಾಗಿ, ಹೊಗೆ ಪಾತಾಳಕ್ಕೆ ಇಳಿಯುತ್ತಿತ್ತು. ಧಣಿಯ ಹಣೆಯಲ್ಲಿ ಬೆವರು ಮೂಡಿತು. ಆ ಬೆವರಿನ ಪರಿಚಯ ಎಲಾಡಿಯೊನಿಗೆ ಚೆನ್ನಾಗಿತ್ತು.

"ಹೂಂ... ಹಂಗೇ ಬರ್ದಿದೆ," ಎಂದರು ಧಣಿ. "ಒಂದೇ ಗಂಟೆ, ಮತ್ತೆ!"

ಮಧ್ಯಾಹ್ನ ಮಾವಿನ ಮರದಡಿ ಎಲಾಡಿಯೊ ಪಿಸುಗುಟ್ಟಿದ: "ಅವರಿಗೂ ಓದೋಕೆ ಬರಲ್ಲ ಅಂತ ನಿಂಗೆ ಹೆಂಗ್ ಗೊತ್ತು?"

"ಎರಡು ವರ್ಷದಿಂದ ಅವರ ಮಗಳ ಕಾಗದ ಓದಿ ಹೇಳ್ತಿರೋಳು ನಾನೇ ಅಲ್ವಾ? ಕ್ಲೆಮೆಂತೆ ಹತ್ರ ಅಕ್ಷರ ಕಲ್ತೆ. ನಿಂಗೆ ಹೇಳಿದ್ರೆ ನನ್ ಉಚ್ಚಾರಾನೂ ತಿದ್ತಿದ್ದೆ."

ಅವನು ಟೋಪಿಯನ್ನು ಮುಖದ ಮೇಲೆಳೆದುಕೊಂಡು ಕಾಲು ಚಾಚಿದ. ಗೆದ್ದುಕೊಟ್ಟ ವಿರಾಮವನ್ನಾದರೂ ಅನುಭವಿಸಬೇಡವೇ? ತೊಮಾಸಾ ಟೋಪಿ ಕಿತ್ತು, ಎದೆಯ ಮೇಲೆ ಸ್ಲೇಟು ಇಟ್ಟಳು.

"ದಿನಾ ಒಂದು ಗಂಟೆ. ಸರ್ಕಾರದ ಆಜ್ಞೆ. ಹೇಳು, 'ಆ'."

"ಮೆಲ್ಲಗೆ ಕಣೇ, ಯಾರಾದ್ರೂ ಕೇಳಿಸ್ಕೊಂಡಾರು..." ಎಲಾಡಿಯೊ ಅತ್ತಿತ್ತ ನೋಡಿ ಬಾಯಿ ತೆರೆದ. "ಆ..."

ಮರದ ಹಿಂದೆ ಒಂದು ಕತ್ತಿ ನೆಲಕ್ಕೆ ಬಿತ್ತು.

"ಉಚ್ಚಾರ ಸರಿಯಿಲ್ಲಣ್ಣಾ!"